ಐದನೇ ಹೆಸರು ನಿನ್ನದು

ಪ್ರೀತಿಯ ಪುಟ್ಟಿ,

"ಸುಮ್ನೆ ಕೂರೋಕೆ ಇಷ್ಟು ದೂರ ಬರಬೇಕಿತ್ತಾ ಅಮ್ಮ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. ರೂಮಿನಲ್ಲಿ ಬೇರೆಯವರಿದ್ದರು ಅಂತ ಕಾಣುತ್ತದೆ, ದನಿ ತಗ್ಗಿಸಿ ಮಾತಾಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಮಲಗುವ ಮುಂಚೆ ನಿಧಾನವಾಗಿ ಓದು.

16 ವರ್ಷದೊಳಗಿನವರ ಚೆಸ್ ಒಲಿಂಪಿಯಾಡ್ ಟೀಮಿನಲ್ಲಿ ನಿನ್ನ ಹೆಸರಿದೆ ಅಂತ ತಿಳಿದ ದಿನ ಬಸವನಗುಡಿಯಲ್ಲಿ ಸಿಕ್ಕವರೆಲ್ಲ "ಎಷ್ಟನೇ ಬೋರ್ಡ್?" ಅಂತಲೇ ಕೇಳಿದರು. ಅಜ್ಜಿ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಆಡೋದು ನಾಲ್ಕೇ ಜನ ಅಂತೀಯ, ಹೋಗೋದು ಯಾಕೆ ಐದು ಜನ?" ಐದನೆಯವರು ಯಾರಿಗಾದರೂ ರೆಸ್ಟ್ ಕೊಟ್ಟಾಗ ಆಡುವವರು ಅಂತ ಅವರಿಗೆ ಬಿಡಿಸಿ ಹೇಳಲು ಕೂತಾಗಲೇ ಈ ಆಟ ನೀನು ಇಲ್ಲಿ ಆಡುತ್ತಿದ್ದ ಆಟಕ್ಕಿಂತ ಎಷ್ಟು ಬೇರೆ ಅನ್ನುವುದು ನನಗೂ ಸರಿಯಾಗಿ ಅರ್ಥವಾಯಿತು.

ಇಲ್ಲಿ ಭಾನುವಾರದ ಟೂರ್ನಮೆಂಟ್‌ಗಳಲ್ಲಿ ನೀನು ನಿನಗಾಗಿ ಆಡಿದೆ. ಯಾವುದೋ ಶಾಲೆಯ ಹಾಲ್, ಹೊರಗೆ ಮರದ ಕೆಳಗೆ ಊಟದ ಡಬ್ಬ ಹಿಡಿದು ಕಾಯುವ ನಾವು, ಒಳಗಿಂದ ಬಂದ ಮಗು ನೀರು ಕುಡಿಯುವ ಮುಂಚೆಯೇ "ಗೆದ್ಯಾ?" ಅನ್ನುವ ಪ್ರಶ್ನೆ. ಆ ಪ್ರಶ್ನೆ ನನಗೆ ಯಾವತ್ತೂ ಇಷ್ಟವಾಗಿಲ್ಲ. ಗೆದ್ದರೆ ನಿನ್ನದು, ಸೋತರೂ ನಿನ್ನದು. ರೇಟಿಂಗ್ ನಿನ್ನದು, ಟ್ರೋಫಿಯೂ ನಿನ್ನದು.

ಟೀಮ್ ಆಟದಲ್ಲಿ ಲೆಕ್ಕವೇ ಬೇರೆ. ಒಬ್ಬೊಬ್ಬರು ಒಂದೊಂದು ಬೋರ್ಡಿನಲ್ಲಿ ಆಡುತ್ತಾರೆ, ನಾಲ್ಕು ಬೋರ್ಡ್ ಸೇರಿ ಒಂದು ಪಂದ್ಯ. 4-0 ಗೆದ್ದರೂ ಟೀಮಿಗೆ ಎರಡು ಪಾಯಿಂಟ್, 2.5-1.5 ಗೆದ್ದರೂ ಅದೇ ಎರಡು ಪಾಯಿಂಟ್. ಒಂದು ಡ್ರಾದಿಂದ ಸಿಗುವ ಅರ್ಧ ಅಂಕಕ್ಕೆ ಇಷ್ಟು ಬೆಲೆ ಬರುವುದು ಟೀಮ್ ಆಟದಲ್ಲೇ. ಬುಡಾಪೆಸ್ಟ್ ನೆನಪಿದೆಯಲ್ಲ, 2024ರ ಒಲಿಂಪಿಯಾಡ್? ನಮ್ಮ ಹೆಣ್ಣುಮಕ್ಕಳು ಎಂಟನೇ ರೌಂಡಿನಲ್ಲಿ ಪೋಲೆಂಡ್‌ಗೆ ಸೋತರು. ಒಂಬತ್ತನೇ ರೌಂಡಿನಲ್ಲಿ ಅಮೆರಿಕ. ಒಂದು ಬೋರ್ಡ್ ಸೋತಾಗಿತ್ತು. ವಂತಿಕಾ ಅಗರ್ವಾಲ್ ಐರಿನಾ ಕ್ರಶ್ ಅವರನ್ನು ಸೋಲಿಸಿದ್ದಕ್ಕೆ ಪಂದ್ಯ 2-2 ಆಯಿತು, ಒಂದು ಪಾಯಿಂಟ್ ಸಿಕ್ಕಿತು. ಕೊನೆಗೆ ಪಟ್ಟಿ ನೋಡಿದರೆ ಭಾರತಕ್ಕೆ 19 ಪಾಯಿಂಟ್, ಕಜಾಕಿಸ್ತಾನಕ್ಕೆ 18. ಆ ಹುಡುಗಿ ಅವತ್ತು ಡ್ರಾ ಮಾಡಿಕೊಂಡು ಎದ್ದಿದ್ದರೆ ಏನಾಗುತ್ತಿತ್ತು ಅಂತ ನೀನೇ ಲೆಕ್ಕ ಹಾಕು. ವಂತಿಕಾ ಆ ಒಲಿಂಪಿಯಾಡ್‌ನಲ್ಲಿ ನಾಲ್ಕನೇ ಬೋರ್ಡಿನ ವೈಯಕ್ತಿಕ ಚಿನ್ನವನ್ನೂ ಗೆದ್ದರು.

ನಾಲ್ಕನೇ ಬೋರ್ಡ್ ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಯಾರಿಗೆ ರೆಸ್ಟ್ ಕೊಟ್ಟರೂ ಮಿಕ್ಕವರು ಮೇಲಕ್ಕೆ ಸರಿಯುತ್ತಾರೆ. ಐದನೆಯವಳಾದ ನೀನು ಬಂದು ಕೂರುವುದು ಯಾವಾಗಲೂ ಕೊನೆಯ ಬೋರ್ಡಿಗೇ. ಅದು ಉಳಿಕೆ ಜಾಗ ಅಂತ ಯಾರಾದರೂ ಅಂದರೆ ನಂಬಬೇಡ.

ಇನ್ನು ಸುಮ್ನೆ ಕೂರುವ ವಿಷಯ. ಅದೇ ಬುಡಾಪೆಸ್ಟ್‌ನಲ್ಲಿ ಗುಕೇಶ್, ಅರ್ಜುನ್ ಇದ್ದ ಟೀಮಿನಲ್ಲಿ ಐದನೆಯವರು ಯಾರು ಹೇಳು? ಪೆಂಟೇಲ ಹರಿಕೃಷ್ಣ. 2016ರಲ್ಲಿ ಬಾಕುವಿನಲ್ಲಿ ಭಾರತದ ಮೊದಲ ಬೋರ್ಡ್ ಆಡಿದವರು. ಬುಡಾಪೆಸ್ಟ್‌ನಲ್ಲಿ ಅವರಿಗೆ 11 ರೌಂಡುಗಳಲ್ಲಿ ಸಿಕ್ಕಿದ್ದು ಮೂರೇ ಗೇಮ್. ಹೆಂಗಸರ ಟೀಮಿನಲ್ಲಿ ತಾನಿಯಾ ಸಚ್‌ದೇವ್‌ಗೆ ಐದು. ಚಿನ್ನದ ಪದಕ ಎಲ್ಲರ ಕೊರಳಿಗೂ ಬಿತ್ತು, ಆದರೆ ನಾನು ಹೇಳಹೊರಟಿದ್ದು ಪದಕದ ಮಾತಲ್ಲ. ಅಷ್ಟು ದೊಡ್ಡ ಆಟಗಾರ ಹೊರಗೆ ಕೂತರೂ ಯಾವ ರೌಂಡಿಗೆ ಕರೆದರೂ ಆಡಲು ತಯಾರಾಗಿರಬೇಕಿತ್ತು. ದಿನಾ ಆಡುವವರಿಗಿಂತ ಇದು ಕಷ್ಟ. ನಿನಗೆ ಈಗ ಆಗುತ್ತಿರುವುದೂ ಅದೇ, ಅಲ್ವಾ?

ಆಡಬೇಕು ಅನ್ನುವ ಆಸೆ ಬಿಡು ಅಂತ ನಾನು ಹೇಳುತ್ತಿಲ್ಲ. ಕ್ಯಾಪ್ಟನ್ ಹತ್ತಿರ ಹೋಗಿ "ನಾನು ರೆಡಿ ಇದ್ದೀನಿ ಸರ್" ಅಂತ ನೇರವಾಗಿ ಹೇಳು. ಮುಖ ಊದಿಸಿಕೊಂಡು ಹೇಳಬೇಡ, ಅಷ್ಟೇ. ಕರೆಯದ ದಿನವೂ ನಿನಗೆ ಕೆಲಸ ಇದೆ. ಕಪ್ಪು ಕಾಯಿಯಲ್ಲಿ ಆಟ ಶುರುಮಾಡುವ ಕಾರೋ-ಕಾನ್ ಅನ್ನು ನೀನು ಮೂರನೇ ಕ್ಲಾಸಿನಿಂದ ಆಡುತ್ತಿದ್ದೀಯ. ನಾಳೆ ನಿಮ್ಮವರ ಎದುರು ಅದನ್ನು ಆಡುವ ಹುಡುಗ ಕೂರುತ್ತಾನೆ ಅಂದರೆ ರಾತ್ರಿ ಬೋರ್ಡ್ ಹಾಕಿಕೊಂಡು ಕಪ್ಪು ಕಾಯಿ ಹಿಡಿದು ಕೂರಬೇಕಾದವಳು ನೀನೇ. ಆ ಹುಡುಗನ ಹಳೆಯ ಗೇಮ್‌ಗಳನ್ನು ತೆಗೆದು ನೋಡು. ಎಲ್ಲಿ ಟೈಮ್ ಜಾಸ್ತಿ ತಗೋತಾನೆ, ಎಂಡ್‌ಗೇಮ್‌ನಲ್ಲಿ ಎಲ್ಲಿ ಎಡವುತ್ತಾನೆ ಅಂತ ಬರೆದು ಕೊಡು. ಸ್ಕೋರ್‌ಶೀಟಿನಲ್ಲಿ ನಿನ್ನ ಹೆಸರಿರುವುದಿಲ್ಲ, ನಿನ್ನ ಕೆಲಸ ಆ ನಡೆಗಳಲ್ಲಿ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಹಟ ನನಗೆ ಗೊತ್ತು. ಆಟದ ನಡುವೆ ಕ್ಯಾಪ್ಟನ್ ನಿನ್ನ ಬೋರ್ಡ್ ಬಗ್ಗೆ ಏನೂ ಹೇಳುವ ಹಾಗಿಲ್ಲ, ಆದರೆ "ಡ್ರಾ ಕೇಳು" ಅಥವಾ "ಒಪ್ಕೋ" ಅನ್ನಬಹುದು. ನೀನು ಚೆನ್ನಾಗಿರುವಾಗಲೇ ಹಾಗೆ ಹೇಳಬಹುದು. ಮಿಕ್ಕ ಮೂರು ಬೋರ್ಡ್ ನೋಡಿ, ಅರ್ಧ ಅಂಕ ಸಿಕ್ಕರೆ ಪಂದ್ಯ ನಮ್ಮದು ಅಂತ ಅವರಿಗೆ ಗೊತ್ತಿರುತ್ತದೆ. ಎದುರಿಗಿರುವವರ ರೇಟಿಂಗ್ ನಿನಗಿಂತ 200 ಕಡಿಮೆ ಇದ್ದರೆ ಆ ಒಂದು ಡ್ರಾಗೆ ನಿನ್ನ ರೇಟಿಂಗ್‌ನಿಂದ ಸುಮಾರು 10 ಪಾಯಿಂಟ್ ಹೋಗುತ್ತದೆ. ಹೋಗಲಿ. ಕೈ ಕುಲುಕಿ ಎದ್ದು ಬಾ. ಆ 10 ಪಾಯಿಂಟ್ ಇಲ್ಲಿ ಬಂದು ಮತ್ತೆ ಗಳಿಸಬಹುದು. ಇನ್ನೊಬ್ಬರು ಐದು ಗಂಟೆ ಕೂತು ಉಳಿಸಿದ ಪಂದ್ಯವನ್ನು ನೀನು ಹಟಕ್ಕೆ ಬಿದ್ದು ಕಳೆದರೆ ಅದು ನಿನ್ನನ್ನು ಜಾಸ್ತಿ ದಿನ ಕಾಡುತ್ತದೆ. "ಗೆಲ್ಲಲೇಬೇಕು, ಆಡು" ಅಂದರೆ ಮಾತ್ರ ಕೊನೆಯ ಕಾಲಾಳು ಇರುವ ತನಕ ಆಡು. ಆಗ ಯಾರ ಮುಖವನ್ನೂ ನೋಡಬೇಡ.

ಅಪ್ಪ ಆಫೀಸಿಗೆ ಮಧ್ಯಾಹ್ನ ರಜ ಹಾಕುತ್ತೇನೆ ಅನ್ನುತ್ತಿದ್ದಾರೆ, ನೀನು ಆಡುವ ದಿನ ಹೇಳು ಅಂತ. ಯಾವ ದಿನವಾದರೂ ಹಾಕಿ, ನಾಲ್ಕೂ ಬೋರ್ಡ್ ನಮ್ಮವೇ ಅಂತ ನಾನು ಹೇಳಿದ್ದೇನೆ. ಅಜ್ಜಿಗೆ ಈಗ ನಿಮ್ಮ ಟೀಮಿನ ಎಲ್ಲರ ಹೆಸರೂ ಬಾಯಿಗೆ ಬಂದಿದೆ. ಮೂರನೇ ಬೋರ್ಡಿನ ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ನೀನು ಹೇಳಿದ್ದೇ ಅವರಿಗೆ ದೊಡ್ಡ ಚಿಂತೆ. ಬ್ಯಾಗಿನ ಸೈಡ್ ಜಿಪ್‌ನಲ್ಲಿ ಚಟ್ನಿಪುಡಿ ಇದೆ, ಅವನಿಗೂ ಕೊಡು.

ನಾಳೆ ಯಾರ ಜೊತೆ ಪಂದ್ಯ, ನಿಮ್ಮಲ್ಲಿ ಯಾರು ಆಡುತ್ತಾರೆ, ಎರಡನ್ನೂ ತಿಳಿದ ತಕ್ಷಣ ಮೆಸೇಜ್ ಮಾಡು.

ನಿನ್ನ
ಅಮ್ಮ