ತಾಸಗಾಂವದ ಹಳೆಯ ಟ್ರ್ಯಾಕ್ಟರಿನ ವಿಚಾರವಾಗಿ ಅಪ್ಪನವರಿಗೆ

ಟೊಯೊಹಾಶಿ, ಜಪಾನ್
23 ನವೆಂಬರ್ 2025

ತೀರ್ಥರೂಪ ಅಪ್ಪನವರ ಪಾದಗಳಿಗೆ ಬಸವರಾಜನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಸಂಗಮೇಶ ಕಳುಹಿಸಿದ ಫೋಟೊಗಳೂ ವಿಜಯಪುರದ ಅಂಗಡಿಯವರು ಬರೆದುಕೊಟ್ಟ ದರಪಟ್ಟಿಯೂ ತಲುಪಿದವು. 24 ಅಶ್ವಶಕ್ತಿಯ, ನಾಲ್ಕೂ ಗಾಲಿ ಎಳೆಯುವ ಹೊಸ ಮಿನಿ ಟ್ರ್ಯಾಕ್ಟರಿಗೆ 5 ಲಕ್ಷ 75 ಸಾವಿರ, ಮಹಾರಾಷ್ಟ್ರದ ತಾಸಗಾಂವದಲ್ಲಿ ಕಾಕಾ ನೋಡಿ ಬಂದ 2019ರ ಟ್ರ್ಯಾಕ್ಟರಿಗೆ 3 ಲಕ್ಷ 40 ಸಾವಿರ. ಹಳೆಯದನ್ನು ತಂದು ಉಳಿದ ಹಣದಲ್ಲಿ ಔಷಧಿ ಸಿಂಪಡಿಸುವ ಬ್ಲೋವರ್ ಕೊಳ್ಳೋಣ ಎಂಬುದು ಕಾಕಾ ಅವರ ಮಾತು. ನಿನ್ನ ಅಭಿಪ್ರಾಯವೇನು ಎಂದು ತಾವು ಕೇಳಿದ್ದೀರಿ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆಂದು ವಿವರವಾಗಿ ಬರೆಯುತ್ತಿದ್ದೇನೆ; ಕಾಕಾ ಅವರ ಮುಂದೆಯೂ ಓದಿಸಬೇಕು.

ನನ್ನ ದೃಷ್ಟಿಯಲ್ಲಿ ಮೂರೂ ಮುಕ್ಕಾಲು ಲಕ್ಷದ ಹೊಸ ಸಾಲವೋ, 2 ಲಕ್ಷ 35 ಸಾವಿರದ ಉಳಿತಾಯವೋ ಎಂಬ ಲೆಕ್ಕಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ವರ್ಷದ ಯಾವ ದಿನಗಳಲ್ಲಿ ಈ ಯಂತ್ರ ನಿಲ್ಲುವಂತಿಲ್ಲ ಎಂಬುದನ್ನು. ನಮ್ಮ ಆರು ಎಕರೆಯಲ್ಲಿ ತೊಗರಿ, ಬಿಳಿಜೋಳ ಹಾಕುವ ಎರಡು ಎಕರೆ ಎರೆ ಹೊಲವನ್ನು ಆಳವಾಗಿ ನೇಗಿಲು ಹೊಡೆಯುವುದು 24 ಅಶ್ವಶಕ್ತಿಯ ಟ್ರ್ಯಾಕ್ಟರಿನ ಕೆಲಸವಲ್ಲ; ಹೊಸದಾದರೂ ಅಲ್ಲ, ಹಳೆಯದಾದರೂ ಅಲ್ಲ. ಬೇಸಿಗೆಯಲ್ಲಿ ಬಿರಿದು ಗಟ್ಟಿಯಾದ ಎರೆ ಮಣ್ಣಿಗೆ ದೊಡ್ಡ ಟ್ರ್ಯಾಕ್ಟರೇ ಬೇಕು, ಅದನ್ನು ಈಗಿನಂತೆ ಬಾಡಿಗೆಗೇ ಕರೆಯೋಣ, ಇಲ್ಲವೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳೋಣ. ಆ ಕೆಲಸ ಒಂದು ವಾರ ಹಿಂದುಮುಂದಾದರೆ ನಷ್ಟವೇನೂ ಇಲ್ಲ. ನಷ್ಟವಾಗುವುದು ನಾಲ್ಕು ಎಕರೆ ದ್ರಾಕ್ಷಿಯಲ್ಲಿ. ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಮುಗಿದು ಚಿಗುರು ಒಡೆದಾಗಿನಿಂದ ಕಾಯಿ ಕಟ್ಟುವವರೆಗಿನ ದಿನಗಳಲ್ಲಿ ಮಳೆ ಬಿದ್ದರೆ, ದಟ್ಟ ಇಬ್ಬನಿ ಕುಳಿತರೆ, ಡೌನಿ ರೋಗಕ್ಕೆ ಔಷಧಿ ಹೊಡೆಯುವುದನ್ನು ನಾಳೆಗೆ ಇಡುವಂತಿಲ್ಲ. ಈ ಸಲ ಬಾಡಿಗೆಯ ಬ್ಲೋವರಿನವರು ಇಂದು ಬಂದೆ, ನಾಳೆ ಬಂದೆ ಎಂದು ತಡಮಾಡಿದ್ದರಿಂದ ಕೆಳಗಿನ ತೋಟದ ಗೊನೆಗಳು ಏನಾದವೆಂಬುದನ್ನು ತಾವೇ ಬರೆದಿದ್ದೀರಿ. ನಾವು ಮಿನಿ ಟ್ರ್ಯಾಕ್ಟರ್ ಕೊಳ್ಳುತ್ತಿರುವುದು ಮುಖ್ಯವಾಗಿ ಆ ಎರಡು ತಿಂಗಳಿಗಾಗಿ. ಸಾಲುಗಳ ನಡುವೆ ರೋಟಾವೇಟರ್ ಹೊಡೆಯುವುದು, ಗೊಬ್ಬರ ಸಾಗಿಸುವುದು, ಒಣಗಿಸುವ ಶೆಡ್ಡಿಗೆ ಹಣ್ಣು ಒಯ್ಯುವುದು ಇವೆಲ್ಲ ಅದರ ಜೊತೆಗೆ ಬರುವ ಅನುಕೂಲಗಳು.

ಇನ್ನು ತಾಸಗಾಂವದ ಟ್ರ್ಯಾಕ್ಟರೂ ಆರು ವರ್ಷ ಇದೇ ಕೆಲಸವನ್ನೇ ಮಾಡಿದೆ ಎಂಬುದನ್ನು ನೆನಪಿಡಬೇಕು. ದ್ರಾಕ್ಷಿ ಸೀಮೆಯಿಂದ ಬರುವ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರುಗಳು ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತವೆ, ಏಕೆಂದರೆ ಅವು ರಸ್ತೆಯ ಮೇಲೆ ಓಡಿರುವುದು ಕಡಿಮೆ. ಆದರೆ ಬ್ಲೋವರ್ ತಿರುಗಿಸುವಾಗ ಎಂಜಿನ್ ತಾಸುಗಟ್ಟಲೆ ಒಂದೇ ಸಮನೆ ಭಾರ ಹೊತ್ತು ಓಡುತ್ತದೆ. ಹಿಂದಿನ ಉಪಕರಣಗಳನ್ನು ತಿರುಗಿಸುವ ಪಿಟಿಓ ದಂಡ, ಅದರ ಕ್ಲಚ್, ಬೇರಿಂಗು, ಎಣ್ಣೆ ಸೀಲುಗಳು ಸವೆಯುವುದು ಆಗಲೇ. ಸಾಲದೆಂಬಂತೆ ಮೈಲುತುತ್ತ, ಗಂಧಕದ ತುಂತುರು ಹಿಂಭಾಗದ ವೈರಿಂಗು, ಬ್ಯಾಟರಿ ತುದಿಗಳು, ರೇಡಿಯೇಟರಿನ ತೆಳು ರೆಕ್ಕೆಗಳ ಮೇಲೆ ಕುಳಿತು ಲೋಹವನ್ನು ತಿನ್ನುತ್ತದೆ. ಮಾರುವವರು ಬಣ್ಣ ಹೊಡೆದಿರುತ್ತಾರೆ. ಸಂಗಮೇಶ ಕಳುಹಿಸಿದ ಫೋಟೊದಲ್ಲಿ ಬಾನೆಟ್ಟಿನ ಬಣ್ಣಕ್ಕಿಂತ ಹಿಂದಿನ ಮಡ್‌ಗಾರ್ಡಿನ ಬಣ್ಣ ಹೊಸದಾಗಿ ಕಾಣುತ್ತಿರುವುದು ನನಗೆ ಅಷ್ಟು ಸರಿಕಾಣಲಿಲ್ಲ.

ಮೀಟರಿನಲ್ಲಿ 2,140 ತಾಸು ಇದೆಯೆಂದು ಕಾಕಾ ಹೇಳಿದ್ದಾರೆ. ಆ ಅಂಕಿ ನಿಜವೇ ಆಗಿದ್ದರೂ ಅದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಕೇಬಲ್ಲಿನಿಂದ ನಡೆಯುವ ಹಳೆಯ ಬಗೆಯ ಮೀಟರು ಗಡಿಯಾರವಲ್ಲ, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಸಾಧನ. ಎಂಜಿನ್ ತನ್ನ ನಿಗದಿತ ಪೂರ್ಣ ವೇಗದಲ್ಲಿ ಓಡಿದಾಗ ಮಾತ್ರ ಅದರ ಒಂದು ತಾಸು ನಮ್ಮ ಒಂದು ತಾಸಿಗೆ ಸಮ. ನಿಧಾನವಾಗಿ ಓಡಿಸಿದ ಟ್ರ್ಯಾಕ್ಟರು ಮೀಟರು ತೋರಿಸುವುದಕ್ಕಿಂತ ಹೆಚ್ಚು ತಾಸು ದುಡಿದಿರುತ್ತದೆ. ಬ್ಯಾಟರಿ ಮೀಟರಾದರೆ ಈ ಮಾತು ಅನ್ವಯಿಸುವುದಿಲ್ಲ, ಆದರೆ ಮೀಟರನ್ನೇ ಬದಲಿಸಿರಬಹುದು. ಆದ್ದರಿಂದ ಮೀಟರಿಗಿಂತ ಕ್ಲಚ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹಿಡಿಕೆ, ಹಿಂದಿನ ಕೊಂಡಿಗಳ ತೂತುಗಳು ಎಷ್ಟು ಸವೆದಿವೆ ಎಂಬುದನ್ನೇ ಹೆಚ್ಚು ನಂಬಬೇಕು. ತೂತು ದುಂಡಗೆ ಉಳಿಯದೆ ಮೊಟ್ಟೆಯಾಕಾರವಾಗಿದ್ದರೆ 2,140 ತಾಸಿನ ಮಾತನ್ನು ಅಲ್ಲಿಗೇ ಬಿಡಬಹುದು.

ಹಾಗಿದ್ದೂ ಒಮ್ಮೆ ನೋಡಿ ಬರುವುದೇ ಎಂದಾದರೆ ನಮ್ಮೂರಿನ ಮಿಸ್ತ್ರಿಯನ್ನು ಕರೆದುಕೊಂಡು ಬೆಳಿಗ್ಗೆ ಹೊತ್ತಿಗೆ ಹೋಗಬೇಕು, ಮತ್ತು ತಾವು ಹೋಗುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ಹೇಳಿಡಬೇಕು. ಬಿಸಿ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗಲೇ ಎಂಜಿನ್ ಒಂದೆರಡು ಸುತ್ತಿನಲ್ಲಿ ಚಾಲೂ ಆಗಬೇಕು. ಮೊದಲು ಸ್ವಲ್ಪ ಹೊಗೆ ಬರುವುದು ಸಹಜ; ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಇಲ್ಲವೆ ನೀರು ಒಳಗೆ ಸೇರುತ್ತಿದೆ. ಎಣ್ಣೆ ಹಾಕುವ ಮುಚ್ಚಳವನ್ನು ಎಂಜಿನ್ ಓಡುತ್ತಿರುವಾಗ ಸಡಿಲಿಸಿ ನೋಡಿದರೆ ಅಲ್ಲಿಂದ ಹೊಗೆ ಒತ್ತಿಕೊಂಡು ಬರಬಾರದು. ಬಂದರೆ ರಿಂಗು, ಪಿಸ್ಟನ್ನಿನ ಖರ್ಚು ಹತ್ತಿರದಲ್ಲಿದೆ ಎಂದರ್ಥ. ಎಣ್ಣೆ ಕಡ್ಡಿಯಲ್ಲಿ ಹಾಲಿನ ಬಣ್ಣ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ, ಚಹಾ ಕುಡಿದು ಮರಳಿ ಬರಬಹುದು. ಆಮೇಲೆ ಹಿಂದೆ ರೋಟಾವೇಟರ್ ಎತ್ತಿಸಿ, ಎಂಜಿನ್ ಬಂದ್ ಮಾಡಿ, ಅದು ಎಷ್ಟು ಬೇಗ ಕೆಳಗೆ ಇಳಿಯುತ್ತದೆಂದು ಕಾಯ್ದು ನೋಡಬೇಕು. ಹೈಡ್ರಾಲಿಕ್ಕಿನ ಆರೋಗ್ಯ ಅದರಿಂದ ತಿಳಿಯುತ್ತದೆ. ಪಿಟಿಓಗೆ ನಿಜವಾದ ಬ್ಲೋವರನ್ನೇ ಜೋಡಿಸಿ, ಟಾಕಿಗೆ ನೀರು ತುಂಬಿಸಿ ಕನಿಷ್ಠ ಅರ್ಧ ತಾಸು ಓಡಿಸಲು ಕೇಳಬೇಕು. ಬೇಡವೆನ್ನುವ ಮಾರಾಟಗಾರನ ಹತ್ತಿರ ಮಾತು ಬೆಳೆಸುವುದು ಬೇಡ.

ನಾಲ್ಕು ಗಾಲಿ ಎಳೆಯುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಅನೇಕರು ಗಮನಿಸುವುದಿಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ಅಳತೆ ಒಂದಕ್ಕೊಂದು ಲೆಕ್ಕ ಹಾಕಿ ಇಟ್ಟದ್ದು. ಯಾರೋ ಸಿಕ್ಕಿದ ಅಳತೆಯ ಟೈರನ್ನು ಮುಂದೆ ಹಾಕಿದ್ದರೆ, ಇಲ್ಲವೆ ಮುಂದಿನ ಎಳೆತವನ್ನು ಹಾಕಿಟ್ಟೇ ಡಾಂಬರು ರಸ್ತೆಯ ಮೇಲೆ ಓಡಿಸಿದ್ದರೆ, ಮುಂದಿನ ಅಚ್ಚಿನ ಗಿಯರುಗಳು ಒಳಗೊಳಗೇ ಹಾಳಾಗಿರುತ್ತವೆ. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಸಂಗಮೇಶ ಓದಿ ನೋಡಲಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರುಗಳ ವರ್ಷ ಬೇರೆ ಬೇರೆಯಾಗಿದ್ದರೆ ಕಾರಣ ಕೇಳಬೇಕು.

ಕಾಗದಪತ್ರದ ವಿಷಯವನ್ನು ಕಾಕಾ ಹಗುರವಾಗಿ ತೆಗೆದುಕೊಂಡಂತೆ ಕಾಣುತ್ತದೆ. ಅದು ಎಂ.ಎಚ್. 10 ನಂಬರಿನ ಗಾಡಿ. ಸಾಂಗಲಿಯ ಆರ್‌ಟಿಓ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣ ಪತ್ರ ಬರಬೇಕು, ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗಬೇಕು, ಆರ್‌ಸಿಯ ಮೇಲೆ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಬಗ್ಗೆ 35ನೇ ನಮೂನೆ ಬೇಕು. ಬೇರೆ ರಾಜ್ಯದ ಗಾಡಿ ನಮ್ಮಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಕೆ.ಎ. 28ರ ಹೊಸ ನಂಬರು ಪಡೆಯುವುದು ಕಡ್ಡಾಯ. ಚಾಸಿ ಮತ್ತು ಎಂಜಿನ್ ನಂಬರನ್ನು ಪುಸ್ತಕದೊಂದಿಗೆ ತಾಳೆ ನೋಡದೆ ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬಾರದು.

ಈಗ ಹಣದ ಲೆಕ್ಕ. ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ. ನಮಗೆ 5.75 ಲಕ್ಷ ಹೇಳಿರುವ ಟ್ರ್ಯಾಕ್ಟರಿಗೆ ಹಳೆಯ ತೆರಿಗೆಯಲ್ಲಿ ಸುಮಾರು 6.13 ಲಕ್ಷವಾಗುತ್ತಿತ್ತು. ತಾಸಗಾಂವದವರು ಕೇಳುತ್ತಿರುವ ಬೆಲೆ ಮಾತ್ರ ಆ ಹಳೆಯ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ ಬೆಲೆ ಎಂದು ನನಗನ್ನಿಸುತ್ತದೆ. ಹೊಸದರ ಬೆಲೆ 38 ಸಾವಿರ ಇಳಿದ ಮೇಲೆ ಹಳೆಯದೂ ಇಳಿಯಬೇಕಲ್ಲವೆ? ಹಳೆಯದಕ್ಕೆ ಟೈರು, ಬ್ಯಾಟರಿ, ಕ್ಲಚ್, ಸೀಲು, ಸಾಗಣೆ, ಕಾಗದಪತ್ರ ಎಲ್ಲ ಸೇರಿ 70 ಸಾವಿರ ಹಿಡಿಯುತ್ತೇನೆ. ಹೊಸದಕ್ಕೆ ನಾನು ಎರಡು ಲಕ್ಷ ಕಳುಹಿಸುತ್ತೇನೆ, 3.75 ಲಕ್ಷ ಸಾಲ ಮಾಡಬೇಕು. ಐದು ವರ್ಷಕ್ಕೆ ಅಸಲಿನ ಅರ್ಧವಾರ್ಷಿಕ ಸಮಕಂತು, ಬಡ್ಡಿ ಶೇಕಡಾ 10 ಎಂದು ಹಿಡಿದರೆ ಬಡ್ಡಿಯೇ ಸುಮಾರು 1.03 ಲಕ್ಷವಾಗುತ್ತದೆ. ಇದನ್ನು ಮುಚ್ಚಿಟ್ಟು ಹೊಸದೇ ಅಗ್ಗ ಎಂದು ಹೇಳುವುದು ಸರಿಯಲ್ಲ. ಆದರೆ ಆರು ವರ್ಷದ ನಂತರ ಮಾರಿದರೆ ಹೊಸದು ಇಂದಿನ ತಾಸಗಾಂವದ ಬೆಲೆಗೆ ಹತ್ತಿರ ಹೋಗಬಹುದು, ಹಳೆಯದು ಅದರ ಅರ್ಧಕ್ಕೆ ಬರುತ್ತದೆ. ಎಲ್ಲ ಕೂಡಿಸಿ ಕಳೆದರೆ ಹೊಸದಕ್ಕಾಗಿ ನಾವು ಹೆಚ್ಚು ಕೊಡುವುದು ಒಟ್ಟು ಒಂದು ಲಕ್ಷದ ಆಸುಪಾಸು, ಅಂದರೆ ವರ್ಷಕ್ಕೆ ಹದಿನೈದಿಪ್ಪತ್ತು ಸಾವಿರ. ಈ ಸಲ ಕೆಳಗಿನ ತೋಟದಲ್ಲಿ ಕಳೆದುಕೊಂಡದ್ದು ಇದಕ್ಕಿಂತ ಹೆಚ್ಚು. ಹಳೆಯ ಟ್ರ್ಯಾಕ್ಟರಿನ ಮುಂದಿನ ದುರಸ್ತಿಗಳನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಸಹಾಯಧನ ಸಿಗುವುದಾದರೂ ಹೊಸದಕ್ಕೇ. ರೈತ ಸಂಪರ್ಕ ಕೇಂದ್ರದಲ್ಲಿ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ ಕೊಟ್ಟು ವಿಚಾರಿಸಬೇಕು, ತೋಟಗಾರಿಕೆ ಇಲಾಖೆಯಲ್ಲಿಯೂ ಕೇಳಬೇಕು, ಮತ್ತು ಮಂಜೂರಾತಿ ಕೈಗೆ ಬರುವ ಮೊದಲು ಖರೀದಿಸಬಾರದು. ಅಂಗಡಿಯವರ ಹತ್ತಿರ ಸಹಾಯಧನದ ಮಾತೆತ್ತದೆ ಮೊದಲು ನಗದು ದರ ಬರೆಸಿಕೊಳ್ಳುವುದು ಒಳ್ಳೆಯದು. ಸಹಾಯಧನ ಎಂದ ಕೂಡಲೇ ಕೆಲವು ಕಡೆ ದರವೂ ಏರುತ್ತದೆ. ಸಾಲವನ್ನು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಕೇಳಿ ನೋಡಿ. ನಮ್ಮ ವಿಕಾಸ ಗ್ರಾಮೀಣ ಬ್ಯಾಂಕು ಈ ಮೇ ತಿಂಗಳಲ್ಲಿ ಅದರೊಳಗೆ ಸೇರಿದ್ದರಿಂದ ಹಳೆಯ ಖಾತೆಯೇ ನಡೆಯುತ್ತದೆ. ಒಂದು ಕಂತು ಒಣದ್ರಾಕ್ಷಿ ಮಾರಿದ ನಂತರ, ಜೂನ್ ಹೊತ್ತಿಗೆ ಬೀಳುವಂತೆ ಬರೆಸಬೇಕು.

ಜಪಾನಿನಲ್ಲಿ ಹಳೆಯ ಸಣ್ಣ ಟ್ರ್ಯಾಕ್ಟರು ಅಗ್ಗವಂತೆ, ಒಂದನ್ನು ಹಡಗಿಗೆ ಹಾಕಿಸು ಎಂದು ಕಾಕಾ ಕೇಳಿದ್ದಾರೆ. ಅಗ್ಗವೆಂಬುದು ನಿಜ. ಇಲ್ಲಿ ಸುತ್ತಮುತ್ತ ಪರ್ಸಿಮನ್ ತೋಟಗಳು, ಸಣ್ಣ ಸಣ್ಣ ಭತ್ತದ ಗದ್ದೆಗಳು. ವಯಸ್ಸಾದ ರೈತರು ಬೇಸಾಯ ಬಿಡುತ್ತಿದ್ದಾರೆ, ವರ್ಷಕ್ಕೆ ಕೆಲವೇ ದಿನ ದುಡಿದ ಟ್ರ್ಯಾಕ್ಟರುಗಳು ಶೆಡ್ಡಿನೊಳಗೆ ನಿಂತು ಮಾರಾಟಕ್ಕೆ ಬರುತ್ತವೆ. ಇಲ್ಲಿ ಹಳೆಯದನ್ನು ಕೊಳ್ಳುವುದು ಜಾಣತನವಾದೀತು, ಏಕೆಂದರೆ ವರ್ಷ ಹೆಚ್ಚಾದರೂ ತಾಸು ಕಡಿಮೆ. ನಮ್ಮ ಕಡೆ ವರ್ಷ ಕಡಿಮೆ, ತಾಸು ಹೆಚ್ಚು. ಆದರೆ ಅವು ಗದ್ದೆಯ ರೋಟರಿಗೆಂದು ಮಾಡಿದವು, ಹಿಂದಿನ ಜೋಡಣೆಯೇ ಬೇರೆ, ಬಿಡಿಭಾಗಗಳ ಪುಸ್ತಕ ಜಪಾನಿಯಲ್ಲಿದೆ, ಭಾರತದಲ್ಲಿ ಮಾದರಿ ಅನುಮೋದನೆ ಪಡೆಯದ ಯಂತ್ರಕ್ಕೆ ನಂಬರು ಪಡೆಯುವುದು ಬಲು ಕಷ್ಟ. ಆ ವಿಚಾರವನ್ನು ಬಿಟ್ಟುಬಿಡೋಣ.

ಹೀಗಾಗಿ ನನ್ನ ಸಲಹೆ, ಟ್ರ್ಯಾಕ್ಟರು ಹೊಸದಿರಲಿ, ಅದರ ಹಿಂದಿನ ಸಾಮಾನುಗಳು ಹಳೆಯವಿರಲಿ. ರೋಟಾವೇಟರಿನ ಬ್ಲೇಡು, ಟ್ರೇಲರಿನ ತಳ, ಬ್ಲೋವರಿನ ಪಂಪು ಎಷ್ಟು ಸವೆದಿವೆಯೆಂದು ಕಣ್ಣಿಗೆ ಕಾಣುತ್ತದೆ, ಬದಲಿಸುವುದೂ ಸುಲಭ. ಗಿಯರ್ ಪೆಟ್ಟಿಗೆಯ ಒಳಗಿನದು ಕಾಣುವುದಿಲ್ಲ. ಹಳೆಯ ಟ್ರ್ಯಾಕ್ಟರನ್ನು ನಾನು ಒಪ್ಪುವುದು ಒಂದೇ ಸಂದರ್ಭದಲ್ಲಿ: ತಿಕೋಟಾ, ಬಬಲೇಶ್ವರದ ಕಡೆಯ, ನಮಗೆ ಪರಿಚಯವಿರುವ ಬೆಳೆಗಾರರು ಸರ್ವಿಸ್ ಪುಸ್ತಕದ ಸಮೇತ ಕೊಡುವುದಾದರೆ, ಬೆಲೆ ಮೂರು ಲಕ್ಷದೊಳಗಿದ್ದರೆ.

ಯಾವ ಹೊಸ ಮಾದರಿ ಎಂಬುದನ್ನು ಜಾಹೀರಾತು ನೋಡಿ ನಿರ್ಧರಿಸುವುದು ಬೇಡ. 24 ಅಶ್ವಶಕ್ತಿ ಎಂದು ಬರೆದ ಟ್ರ್ಯಾಕ್ಟರುಗಳಲ್ಲಿ ಬ್ಲೋವರಿಗೆ ದಕ್ಕುವ ಪಿಟಿಓ ಶಕ್ತಿ ಮಾದರಿಗೆ ತಕ್ಕಂತೆ 17ರಿಂದ 22ರವರೆಗೂ ವ್ಯತ್ಯಾಸವಾಗುತ್ತದೆ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಅಂಗಡಿಯವರಿಂದ ಆ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಸಂಗಮೇಶ ಟೇಪು ಹಿಡಿದು ಸಾಲುಗಳ ನಡುವಿನ ನಿಜವಾದ ಅಂತರ, ತಂತಿಯ ಕೆಳಗಿನ ಎತ್ತರ, ತಿರುವಿನ ಜಾಗ ಮೂರನ್ನೂ ಅಳೆದು ಕಳುಹಿಸಲಿ. ಸೈಲೆನ್ಸರ್ ಮೇಲಕ್ಕೆ ನಿಂತಿರುವ ಮಾದರಿಯಾದರೆ ಬಳ್ಳಿಗೆ ತಾಗುತ್ತದೆ, ಕೆಳಗೆ ಅಡ್ಡಲಾಗಿ ಇರುವುದೇ ಬೇಕು. ಚಾಲಕನ ಹಿಂದೆ ಮಡಚುವ ರಕ್ಷಣಾ ಕಮಾನು ಇರುವುದನ್ನೇ ಆರಿಸಬೇಕು. ಚಪ್ಪರದ ಕೆಳಗೆ ಮಡಚಿ, ಹೊರಗೆ ಬಂದೊಡನೆ ಏರಿಸಿಕೊಳ್ಳಲಿ. ಬದುವಿನ ಮೇಲೆ ಸಂಗಮೇಶನ ಅವಸರ ನನಗೆ ಗೊತ್ತು.

ಜನವರಿ ಮೊದಲ ವಾರದವರೆಗೆ ಕಾಯುವುದು ಲೇಸು. ಆಗ ಅಂಗಡಿಯಲ್ಲಿ ಹಿಂದಿನ ವರ್ಷ ತಯಾರಾದ ಟ್ರ್ಯಾಕ್ಟರು ಉಳಿದಿದ್ದರೆ ದರ ಇಳಿಸಲು ಕೇಳಬಹುದು, ಇಳಿಸದಿದ್ದರೆ ಹೊಸ ವರ್ಷದ ತಯಾರಿಕೆಯದನ್ನೇ ಕೊಡಿ ಎನ್ನಬಹುದು. ಅಳತೆಗಳೂ ಬುದನಿಯ ವರದಿಯೂ ಬಂದ ಕೂಡಲೇ ನಾನು ಹಣವನ್ನು ತಮ್ಮ ಖಾತೆಗೆ ಹಾಕುತ್ತೇನೆ. ಅವ್ವನಿಗೆ, ಕಾಕಾ ಕಾಕುವಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ತಮ್ಮ ಆಜ್ಞಾಧಾರಕ ಮಗ,
ಬಸವರಾಜ