ತಂತಿಯ ಕೆಳಗೆ ಬೇವು ಬೇಡ, ಎದುರು ಸಾಲಿಗೆ ಬೇಕು

ಮಾನ್ಯ ಸಂಪಾದಕರೇ,

ನಾನು ರಾಯಚೂರಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆ ಕಡಿಯುವುದು ನಮ್ಮ ಕೆಲಸಗಳಲ್ಲಿ ಒಂದು. ಆಗ ಮನೆಯವರು ಹೊರಗೆ ಬಂದು, "ಯಪ್ಪಾ, ಇರೋದೊಂದು ನೆರಳನ್ನೂ ತೆಗೀತೀರಲ್ಲ" ಎಂದು ಗೋಳಾಡುತ್ತಿದ್ದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಡಿಯದೆ ನಮಗೂ ಗತಿ ಇರಲಿಲ್ಲ. ಹಸಿ ಟೊಂಗೆ ತಂತಿಗೆ ತಗುಲಿದರೆ ಇಡೀ ಓಣಿಯ ಕರೆಂಟ್ ಹೋಗುತ್ತದೆ, ಜೀವಕ್ಕೂ ಅಪಾಯ.

ಈಗ ಮತ್ತೆ ಸಸಿ ನೆಡುವ ಸಮಯ. ಮತ್ತೆ ಕಂಬದ ಸಾಲಿನಲ್ಲೇ ಗುಂಡಿ ತೋಡುತ್ತಿದ್ದಾರೆ. ಅದಕ್ಕೇ ಈ ಪತ್ರ.

ನಮ್ಮ ಓಣಿಗಳಲ್ಲಿ ತಂತಿ ಇರುವುದು ನೆಲದಿಂದ ಸುಮಾರು 6 ಮೀಟರ್ ಎತ್ತರದಲ್ಲಿ. ಬೇವಿನ ಗಿಡ 15 ಮೀಟರ್ ಸುಲಭವಾಗಿ ಬೆಳೆಯುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಜಗಳ ತಪ್ಪಿದ್ದಲ್ಲ, ಅಲ್ವಾ? ಜಗಳದಲ್ಲಿ ಸೋಲುವುದು ಯಾವಾಗಲೂ ಗಿಡವೇ. ತಲೆ ಕಡಿದ ಗಿಡ ಸುಮ್ನೆ ಇರುವುದಿಲ್ಲ. ಕಡಿದ ಜಾಗದಲ್ಲಿ ಹತ್ತಾರು ಚಿಗುರು ಒಟ್ಟಿಗೆ ಏಳುತ್ತವೆ. ಅವು ಬೇಗ ಉದ್ದವಾಗುತ್ತವೆ, ಆದರೆ ಕಾಂಡಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಮೊದಲು ಮುರಿಯುವುದು ಅವೇ. ತಂತಿ ಕಡೆಯ ಟೊಂಗೆ ಮಾತ್ರ ಕಡಿದರೆ ಭಾರವೆಲ್ಲ ಒಂದೇ ಕಡೆ ಬಿದ್ದು, ಒಂದು ದಿನ ಬುಡಸಮೇತ ಉರುಳುತ್ತದೆ. ಆಮೇಲೆ "ಬೇವು ಊರೊಳಗೆ ಆಗಿಬರಲ್ಲ" ಎಂಬ ಮಾತು ಹುಟ್ಟುತ್ತದೆ. ಇದು ಗಿಡಕ್ಕೆ ಮಾಡುವ ಅನ್ಯಾಯ.

ತಂತಿ ಇಲ್ಲದ ಎದುರು ಸಾಲಿಗೆ ಬೇವು, ಹೊಂಗೆ ನೆಡಿ. ಜಾಗ ದೊಡ್ಡದಿದ್ದರೆ, ಅಂದರೆ ಶಾಲೆಯ ಅಂಗಳ, ಕೆರೆ ದಂಡೆ, ಸಂತೆ ಬಯಲು, ಅಲ್ಲಿ ಹುಣಸೆ, ಆಲ. ತಂತಿ ಕೆಳಗೆ ಏನಾದರೂ ಬೇಕೇ ಬೇಕು ಎಂದರೆ ದಾಸವಾಳ, ಕರಿಬೇವಿನಂಥ ಗಿಡ್ಡ ಜಾತಿ ಸಾಕು. ಬಸ್ ನಿಲ್ಲುವ ಕಡೆ, ಆಟೋ ಸ್ಟ್ಯಾಂಡಿನ ಹತ್ತಿರ ನೆಡುವಾಗ ಪಡುವಣ ದಿಕ್ಕು ನೋಡಿ. ಜನರನ್ನು ಸುಡುವುದು ಮಧ್ಯಾಹ್ನ ಮೂರರ ಓರೆ ಬಿಸಿಲು. ಗಿಡ ಪಡುವಣಕ್ಕಿದ್ದರೆ ಆ ಹೊತ್ತಿನ ನೆರಳು ಜನರ ಮೇಲೆ ಬೀಳುತ್ತದೆ.

ಬೇವನ್ನೇ ಏಕೆ ಇಷ್ಟು ಹೇಳುತ್ತೇನೆ ಎಂದರೆ, ಅದು ನಮ್ಮ ಬೇಸಿಗೆಯನ್ನು ಬಲ್ಲ ಗಿಡ. ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ, ಯುಗಾದಿಗೆ ಚಿಗುರಿ, ಬಿಸಿಲು 40 ಡಿಗ್ರಿ ದಾಟುವಷ್ಟರಲ್ಲಿ ತುಂಬಿ ನಿಂತಿರುತ್ತದೆ. ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದದ್ದು. ಹೂವು ಚೆಂದ, ಆದರೆ ನೆರಳು ಬೇಕಾದ ಸಮಯಕ್ಕೆ ಬೋಳಾಗಿರುತ್ತದೆ, ಗಾಳಿಗೆ ಟೊಂಗೆ ಬೇಗ ಮುರಿಯುತ್ತದೆ. ಬೇಗ ಹಸಿರಾಗಲಿ ಎಂದು ಊರೂರಲ್ಲಿ ನೆಟ್ಟ ಕೊನೊಕಾರ್ಪಸ್ ಎಂಬ ಹೊರದೇಶದ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲೇ ನೆಡಬಾರದೆಂದು ನಿಷೇಧಿಸಿದೆ.

ಜೂನ್ 5ರ ಪರಿಸರ ದಿನದಂದೇ ನೆಡಬೇಕೆಂಬ ಹಟವೂ ಬೇಡ. ಆ ದಿನ ನಮ್ಮ ನೆಲ ಇನ್ನೂ ಕಾದ ಹೆಂಚು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಬೀಳುವ ಮಳೆಯಲ್ಲಿ ಹೆಚ್ಚು ಪಾಲು ಜುಲೈನಿಂದ ಸೆಪ್ಟೆಂಬರ್ ಒಳಗೆ ಬರುತ್ತದೆ. ಫೋಟೋಕ್ಕೆ ಒಂದು ಸಸಿ ಆ ದಿನ ಇರಲಿ. ಉಳಿದವು ಎರಡು ಹದ ಮಳೆ ಆದ ಮೇಲೆ ನೆಲಕ್ಕೆ ಹೋಗಲಿ. ಎರೆ ಭೂಮಿಯಲ್ಲಾದರೆ ಸ್ವಲ್ಪ ದಿಬ್ಬ ಮಾಡಿ ನೆಡಬೇಕು. ಬುಡದಲ್ಲಿ ನೀರು ನಿಂತರೆ ಬೇವು ಸಹಿಸುವುದಿಲ್ಲ. ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು. ಆಮೇಲೆ ಅದರ ಪಾಡು ಅದು ನೋಡಿಕೊಳ್ಳುತ್ತದೆ. ಬುಡದ ಸುತ್ತ ಸಿಮೆಂಟ್ ಹಾಕಬೇಡಿ, ಒಂದು ಮೀಟರ್ ಮಣ್ಣು ಬಿಡಿ.

ನಗರದ ಆಡಳಿತದವರಲ್ಲಿ, ವಾರ್ಡಿನ ಸದಸ್ಯರಲ್ಲಿ ನನ್ನ ಕೋರಿಕೆ ಒಂದೇ. ಗುಂಡಿ ತೋಡುವ ಮುಂಚಿನ ದಿನ ಆ ವಾರ್ಡಿನ ಲೈನ್‌ಮನ್‌ನನ್ನು ಕರೆದು ಓಣಿ ತುಂಬ ಒಂದು ಸುತ್ತು ನಡೆಸಿ. ಯಾವ ತಂತಿ ಎಲ್ಲಿ ಹೋಗಿದೆ, ಹೊಸ ಕಂಬ ಎಲ್ಲಿ ಬರಬಹುದು ಎಂದು ಅವನು ಬೆರಳು ಮಾಡಿ ತೋರಿಸುತ್ತಾನೆ. ಸುಣ್ಣದಲ್ಲಿ ಗುರುತು ಹಾಕಿಸಿ, ಅಲ್ಲಿ ತೋಡಿಸಿ.

— ಒಬ್ಬ ನಿವೃತ್ತ ಲೈನ್‌ಮನ್, ರಾಯಚೂರು