ಗೋಡೆ ಸುಡುತ್ತಿದ್ದರೆ ನಿಯಮ ತಿದ್ದಲು ಬರೆಯಿರಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಿಮ್ಮ ಓದುಗರ ಅಂಕಣದಲ್ಲಿ ಹೊಸ ಟವರುಗಳ ಸೆಖೆಯ ಬಗ್ಗೆ ಪತ್ರಗಳು ಶುರುವಾಗುತ್ತವೆ. ರಾತ್ರಿ ಹನ್ನೊಂದಾದರೂ ಪಶ್ಚಿಮದ ಗೋಡೆ ಆರುವುದಿಲ್ಲ, ಎ.ಸಿ. ಇಲ್ಲದೆ ನಿದ್ದೆ ಬರುವುದಿಲ್ಲ, ಕರೆಂಟು ಬಿಲ್ಲು ಕೈಮೀರಿದೆ ಎಂಬ ದೂರುಗಳು ಪೂರ್ತಿ ನಿಜ. ಕಟ್ಟಡ ಕಟ್ಟುವ, ನಕ್ಷೆ ಮಂಜೂರು ಮಾಡಿಸುವ, ವಿದ್ಯುತ್ ಲೋಡ್ ಲೆಕ್ಕ ಹಾಕುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಬರೆಯುವುದಿಷ್ಟೆ: ಆ ಗೋಡೆ ಹಾಗಿರುವುದು ನಿಯಮದ ಅಕ್ಷರಕ್ಕೆ ತಕ್ಕಂತೆಯೇ. ಅಕ್ಷರ ಬದಲಾಗದೆ ಗೋಡೆ ಬದಲಾಗದು. ಅಕ್ಷರ ಬದಲಿಸಿ ಎಂದು ಬರೆದು ಕೇಳುವ ಹಕ್ಕು ಕಾನೂನಿನಲ್ಲಿ ಪ್ರತಿಯೊಬ್ಬರಿಗೂ ಇದೆ. ಆದರೆ ನಮ್ಮ ಕನ್ನಡಿಗರಿರುವ ವಸತಿ ಸೊಸೈಟಿಗಳಿಂದ ಹೋಗುವ ಹೆಚ್ಚಿನ ಅರ್ಜಿಗಳು ಸಲ್ಲಿಸುವ ರೀತಿಯಲ್ಲೇ ಸೋಲುತ್ತವೆ.

ಮೊದಲ ಎಡವಟ್ಟು ವಿಳಾಸದ್ದು. ಕಟ್ಟಡದ ನಿಯಮ ಎಂಬುದು ಒಂದೇ ಪುಸ್ತಕವಲ್ಲ. ಬೃಹನ್ಮುಂಬಯಿಗೆ 2018ರಲ್ಲಿ ಜಾರಿಯಾದ ಡಿಸಿಪಿಆರ್ 2034 ಎಂಬ ಅಭಿವೃದ್ಧಿ ನಿಯಮಾವಳಿ ಇದೆ. ಠಾಣೆ, ಕಲ್ಯಾಣ-ಡೊಂಬಿವಲಿ, ಪುಣೆಗಳಿಗೆ 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ನಿಯಮಾವಳಿ, ಅಂದರೆ ಯುಡಿಸಿಪಿಆರ್ ಅನ್ವಯ. ಬೃಹನ್ಮುಂಬಯಿಯ ಮುಲುಂದಿನವರು ಬರೆಸಿಕೊಂಡ ತಿದ್ದುಪಡಿ ಡೊಂಬಿವಲಿಗೆ ತಾನಾಗಿ ಬರುವುದಿಲ್ಲ. ಎರಡಕ್ಕೂ ಬೇರೆ ಬೇರೆ ಬರೆಯಬೇಕು. ಮಡಗಾಂವ್, ವಾಸ್ಕೋದಲ್ಲಿರುವ ನಮ್ಮ ಜನಕ್ಕೆ ಗೋವಾದ 2010ರ ಭೂ ಅಭಿವೃದ್ಧಿ ಮತ್ತು ಕಟ್ಟಡ ನಿರ್ಮಾಣ ನಿಯಮಗಳು ಬೇರೆಯೇ. ರಾಷ್ಟ್ರೀಯ ಕಟ್ಟಡ ಸಂಹಿತೆ ದೆಹಲಿಯ ಮಾನಕ ಸಂಸ್ಥೆಯಾದ ಬಿಐಎಸ್‌ನದು. ರಾಜ್ಯವೋ ಪಾಲಿಕೆಯೋ ತನ್ನ ನಿಯಮದಲ್ಲಿ ಅಳವಡಿಸಿಕೊಳ್ಳುವವರೆಗೆ ಅದು ಸಲಹೆ ಮಾತ್ರ. ಶಕ್ತಿ ಉಳಿತಾಯದ ಸಂಹಿತೆಗಳನ್ನು ರೂಪಿಸುವುದು ಕೇಂದ್ರದ ಶಕ್ತಿ ದಕ್ಷತಾ ಸಂಸ್ಥೆಯಾದ ಬಿಇಇ. ಆದರೆ 2001ರ ಶಕ್ತಿ ಸಂರಕ್ಷಣಾ ಕಾಯ್ದೆಯ 15ನೇ ಕಲಂ ಪ್ರಕಾರ ಸ್ಥಳೀಯ ಹವೆಗೆ ತಕ್ಕಂತೆ ಅವನ್ನು ತಿದ್ದುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಇದು ಬಹಳ ಜನಕ್ಕೆ ತಿಳಿಯದ ಬಾಗಿಲು. ಮಹಾರಾಷ್ಟ್ರದಲ್ಲಿ ಅದಕ್ಕೆ ಬರೆಯಬೇಕಾದದ್ದು ಮಂತ್ರಾಲಯದ (ರಾಜ್ಯ ಸಚಿವಾಲಯದ) ಇಂಧನ ಇಲಾಖೆಗೆ, ಪ್ರತಿ ಪುಣೆಯಲ್ಲಿರುವ ರಾಜ್ಯದ ಶಕ್ತಿ ಅಭಿವೃದ್ಧಿ ಸಂಸ್ಥೆಯಾದ ಮೇಡಾಗೆ. ವಾರ್ಡ್ ಆಫೀಸಿನ ಕಿಟಕಿಯಲ್ಲಿ ಕೊಟ್ಟ ಅರ್ಜಿ ಈ ಯಾವ ಮೇಜನ್ನೂ ತಲುಪುವುದಿಲ್ಲ.

ಎರಡನೆಯದು ದಿನದ ಲೆಕ್ಕ. ಅಭಿವೃದ್ಧಿ ನಿಯಮಗಳಿಗೆ ತಿದ್ದುಪಡಿ ಆಗುವುದು ಮಹಾರಾಷ್ಟ್ರದ ನಗರ ಯೋಜನಾ ಕಾನೂನಾದ 1966ರ ಎಂಆರ್‌ಟಿಪಿ ಕಾಯ್ದೆಯ 37ನೇ ಕಲಂ ಅಡಿಯಲ್ಲಿ. ನೋಟೀಸು ರಾಜಪತ್ರದಲ್ಲಿ ಬರುತ್ತದೆ. ಆಕ್ಷೇಪಣೆ, ಸಲಹೆಗೆ ಒಂದು ತಿಂಗಳು. ವಾಟ್ಸಾಪಿನಲ್ಲಿ ಅದು ಸೊಸೈಟಿಗೆ ತಲುಪುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ತಿಂಗಳು ಯಾವ ತಾರೀಖಿನಿಂದ ಶುರು, ಯಾವ ಅಧಿಕಾರಿಗೆ ಕೊಡಬೇಕು, ಅವರ ಕಚೇರಿ ಎಲ್ಲಿ ಎಂಬುದೆಲ್ಲ ನೋಟೀಸಿನಲ್ಲೇ ಇರುತ್ತದೆ, ಅದನ್ನು ಮೊದಲು ಓದಬೇಕು. ಇನ್ನೊಂದು ಗೊಂದಲವೂ ಇದೆ. ಕೆಲವೊಮ್ಮೆ ಸರಕಾರ 154ನೇ ಕಲಂ ಪ್ರಕಾರ ಪ್ರಸ್ತಾವಿತ ನಿಯಮವನ್ನು ಕೂಡಲೇ ಜಾರಿಗೆ ತಂದು, ಜೊತೆಗೇ ಆಕ್ಷೇಪಣೆ ಕರೆಯುತ್ತದೆ. ಜಾರಿಗೆ ಬಂದೇಬಿಟ್ಟಿತಲ್ಲ, ಇನ್ನೇನು ಬರೆಯುವುದು ಎಂದು ಜನ ಸುಮ್ಮನಾಗುತ್ತಾರೆ. ಹಾಗಾಗಬಾರದು. ಅಂತಿಮ ಮಂಜೂರಾತಿ ಬಾಕಿಯಿದೆ, ನಿಮ್ಮ ಪತ್ರಕ್ಕೆ ಪೂರ್ತಿ ಬೆಲೆಯಿದೆ. ಯಾವ ನೋಟೀಸೂ ಇಲ್ಲದ ಕಾಲದಲ್ಲೂ ತಿದ್ದುಪಡಿ ಕೇಳಿ ನಗರಾಭಿವೃದ್ಧಿ ಇಲಾಖೆಗೆ ನಿವೇದನೆ ಕೊಡಬಹುದು. 37ನೇ ಕಲಮಿನ 1ಎಎ ಉಪಕಲಂ ಪ್ರಕಾರ ಸರಕಾರ ತಾನಾಗಿಯೇ ತಿದ್ದುಪಡಿಗೆ ಕೈಹಾಕಲು ಬರುತ್ತದೆ.

ಈಗ ಮುಖ್ಯ ವಿಷಯ, ಪತ್ರದೊಳಗೆ ಏನಿರಬೇಕು ಎಂಬುದು. "ಸೆಖೆ ತಡೆಯಲಾಗುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದರೆ ಅಧಿಕಾರಿ ಏನನ್ನೂ ಮಾಡಲಾರರು. ಅವರು ಸರಕಾರಕ್ಕೆ ಕಳಿಸುವ ವರದಿಯಲ್ಲಿ ಪ್ರತಿ ಸಲಹೆಯ ಎದುರು ತಮ್ಮ ಅಭಿಪ್ರಾಯ ಬರೆಯಬೇಕು. ಅಲ್ಲಿಗೆ ನೇರ ಎತ್ತಿ ಕೂರಿಸುವಂಥ ವಾಕ್ಯ ನಿಮ್ಮ ಪತ್ರದಲ್ಲಿರಬೇಕು. ಬಿಐಎಸ್ ತನ್ನ ಕರಡುಗಳಿಗೆ ಅಭಿಪ್ರಾಯ ಕೇಳುವಾಗ ಕೊಡುವ ಕೋಷ್ಟಕದ ಕ್ರಮ ಎಲ್ಲ ಕಡೆಗೂ ಒಪ್ಪುತ್ತದೆ: ಕಲಂ ಸಂಖ್ಯೆ, ಬದಲಾಗಬೇಕಾದ ಪಠ್ಯ, ಸಮರ್ಥನೆ. ನಾವು ಇದಕ್ಕೆ ಹಾಲಿ ಪಠ್ಯವನ್ನೂ ಖರ್ಚಿನ ಅಂದಾಜನ್ನೂ ಸೇರಿಸುತ್ತೇವೆ. ಹಾಲಿ ಪಠ್ಯವನ್ನು ಅಕ್ಷರಶಃ ನಕಲು ಮಾಡಬೇಕು, ತೆಗೆಯುವ ಪದಕ್ಕೆ ಗೆರೆ ಹೊಡೆಯಬೇಕು, ಸೇರಿಸುವ ಪದಕ್ಕೆ ಅಡಿಗೆರೆ ಹಾಕಬೇಕು. ಯಾವ ವರ್ಷದ ಆವೃತ್ತಿ ಎಂದು ಬರೆಯಲೇಬೇಕು. ಮನೆಗಳ ಶಕ್ತಿ ಸಂಹಿತೆಯಾದ ಇಕೋ ನಿವಾಸ್ ಸಂಹಿತೆಗೆ 2018ರ ಪಠ್ಯವೂ ಇದೆ, 2024ರ ಪರಿಷ್ಕೃತ ಪಠ್ಯವೂ ಇದೆ. ಹಳೆಯದರ ಕಲಂ ಸಂಖ್ಯೆ ಹಾಕಿದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಸಮರ್ಥನೆ ಹೇಗಿರಬೇಕೆಂದು ಈ ಸುಡುವ ಗೋಡೆಯನ್ನೇ ಹಿಡಿದು ತೋರಿಸುತ್ತೇವೆ. ಈಗಿನ ಟವರುಗಳಲ್ಲಿ ಅಲ್ಯೂಮಿನಿಯಂ ಫಾರ್ಮ್‌ವರ್ಕಿನಲ್ಲಿ, ಸೈಟಿನ ಮಾತಿನಲ್ಲಿ ಮಿವಾನ್‌ನಲ್ಲಿ, ಹೊರಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರೆಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗೋಡೆ ಗಟ್ಟಿ. ಆದರೆ 150 ಮಿ.ಮೀ. ಕಾಂಕ್ರೀಟ್ ಗೋಡೆಯ ಯು-ಮೌಲ್ಯ, ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಲ್ಲಿ ಹಾಯುವ ಶಾಖ, ಸುಮಾರು 3.6 ವಾಟ್. 200 ಮಿ.ಮೀ. ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆಗೆ ಎರಡು ಬದಿಯ ಪ್ಲಾಸ್ಟರ್ ಸೇರಿ ಸುಮಾರು 0.77. 2018ರ ಸಂಹಿತೆ ಹೊರಮೈಯಿಂದ ಒಳಬರುವ ಶಾಖಕ್ಕೆ, ಆರ್‌ಇಟಿವಿ ಎಂಬ ಅಳತೆಯಲ್ಲಿ, ಚದರ ಮೀಟರಿಗೆ 15 ವಾಟ್ ಮಿತಿ ಹಾಕಿದೆ. ಮುಂಬಯಿಯಂಥ ಬಿಸಿ-ತೇವದ ಹವೆಗೆ ಸೂತ್ರದ ಗುಣಾಂಕಗಳು ಗೋಡೆಗೆ 5.15, ಗಾಜು ದಾಟಿ ಬರುವ ಶಾಖಕ್ಕೆ 1.31, ಗಾಜಿನಿಂದ ನುಗ್ಗುವ ಬಿಸಿಲಿಗೆ 65.21.

ಹೊರಮೈಯಲ್ಲಿ ಶೇ. 80 ಗೋಡೆ, ಶೇ. 20 ಕಿಟಕಿ ಎಂದಿಟ್ಟುಕೊಳ್ಳಿ. ದಿಕ್ಕಿನ ಗುಣಾಂಕ ಸದ್ಯಕ್ಕೆ 1 ಇರಲಿ. ಕಾಂಕ್ರೀಟ್ ಗೋಡೆಯ ಪಾಲು 5.15 × 0.8 × 3.6, ಅಂದರೆ 14.8. ಗೋಡೆಯೊಂದೇ ಮಿತಿಯನ್ನು ಹೆಚ್ಚುಕಡಿಮೆ ನುಂಗಿತು. ಒಂಟಿ ಗಾಜಿನ ಯು-ಮೌಲ್ಯ 5.8 ಹಿಡಿದರೆ 1.5 ಸೇರುತ್ತದೆ. ಛಜ್ಜಾದ ನೆರಳು ಕಳೆದು ಉಳಿಯುವ ಬಿಸಿಲಿನ ಅಂಶ 0.5 ಎಂದರೆ ಇನ್ನೊಂದು 6.5. ಒಟ್ಟು 22.8, ಮಿತಿಗಿಂತ ಒಂದೂವರೆ ಪಟ್ಟು. ಅದೇ ಕಿಟಕಿ ಇಟ್ಟು ಗೋಡೆ ಮಾತ್ರ ಎಎಸಿಯದಾದರೆ ಮೊತ್ತ 11.2, ಆರಾಮವಾಗಿ ಒಳಗೆ. ಕಾಂಕ್ರೀಟ್ ಹಾಗೇ ಬಿಟ್ಟು ದುಬಾರಿ ಗಾಜು ಹಾಕಿ ಬಿಸಿಲಿನ ಅಂಶವನ್ನು 0.3ಕ್ಕೆ ಇಳಿಸಿದರೂ 20 ದಾಟುತ್ತದೆ. ಗಾಜು ಬದಲಿಸಿ ಎಂದು ಕೇಳುವ ಅರ್ಜಿಗಳು ತಪ್ಪು ಜಾಗ ಹಿಡಿದಿವೆ ಎಂಬುದಕ್ಕೆ ಈ ಒಂದು ಲೆಕ್ಕ ಸಾಕು. ಅರ್ಧ ಪುಟದಲ್ಲಿ ಹಿಡಿಸುವ ಇಂಥ ಲೆಕ್ಕವನ್ನು ಯಾವ ಅಧಿಕಾರಿಯೂ ಪಕ್ಕಕ್ಕೆ ಸರಿಸಲಾರರು.

ಹಾಗಾದರೆ ಬಿಲ್ಡರು ಎಎಸಿ ಗೋಡೆಯನ್ನೋ, ಕಾಂಕ್ರೀಟಿನ ಮೇಲೆ ಶಾಖನಿರೋಧಕ ಪದರವನ್ನೋ ಯಾಕೆ ಹಾಕುವುದಿಲ್ಲ? ಕೆಲಸದ ವೇಗ ಒಂದು ಕಾರಣ. ಇನ್ನೊಂದು ಕಾರಣ ಎರಡು ಕಾನೂನುಗಳ ನಡುವೆ ಅಡಗಿದೆ. ಎಫ್‌ಎಸ್‌ಐ (ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿ ಎಷ್ಟು ಕಟ್ಟಬಹುದೆಂಬ ಮಿತಿ) ಅಳೆಯುವಾಗ ಹೊರಗೋಡೆಯ ದಪ್ಪ ಲೆಕ್ಕಕ್ಕೆ ಬರುತ್ತದೆ. ಫ್ಲ್ಯಾಟು ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮಾರಾಟಕ್ಕೆ ಲೆಕ್ಕ ಹಾಕುವ ಒಳವಿಸ್ತೀರ್ಣದಲ್ಲಿ, ಹೊರಗೋಡೆ ಸೇರುವುದಿಲ್ಲ. ಅಂದರೆ ಬಿಲ್ಡರು ಎಫ್‌ಎಸ್‌ಐ ಕಳೆದುಕೊಂಡು ಕಟ್ಟಿದ ಗೋಡೆಯನ್ನು ಮಾರುವಂತಿಲ್ಲ. 20 ಮೀಟರ್ ಹೊರಗೋಡೆಯಿರುವ ಫ್ಲ್ಯಾಟಿನಲ್ಲಿ ಗೋಡೆ 50 ಮಿ.ಮೀ. ದಪ್ಪವಾದರೆ ಒಂದು ಚದರ ಮೀಟರ್, ಹತ್ತೂಮುಕ್ಕಾಲು ಚದರ ಅಡಿ ಹೋಯಿತು. ಮುಂಬಯಿಯ ದರದಲ್ಲಿ ಅದು ಎಷ್ಟೆಂದು ಓದುಗರೇ ಹಾಕಿಕೊಳ್ಳಬಹುದು. ತೆಳ್ಳಗಿನ ಗೋಡೆ ಕಟ್ಟಿದವನಿಗೇ ನಿಯಮ ಲಾಭ ಕೊಡುತ್ತಿದೆ. ನಾವು ಮನಸ್ಸಿಟ್ಟು ಬದಲಿಸಬೇಕೆನ್ನುವ ಜಾಗ ಇದು.

ಕೇಳಬಹುದಾದ ಪಠ್ಯ ಹೀಗಿರಲಿ: "ಹೊರಗೋಡೆಯ ದಪ್ಪವು 150 ಮಿ.ಮೀ. ಮೀರಿದಲ್ಲಿ, ಮೀರಿದ ಭಾಗವನ್ನು ಗರಿಷ್ಠ 100 ಮಿ.ಮೀ.ವರೆಗೆ ಎಫ್‌ಎಸ್‌ಐ ಲೆಕ್ಕದಿಂದ ಬಿಡತಕ್ಕದ್ದು. ಆದರೆ ಆ ಗೋಡೆಯ ಯು-ಮೌಲ್ಯವು 1.0 ಮೀರಿರಬಾರದು, ಮತ್ತು ಆಕ್ಯುಪೇಶನ್ ಸರ್ಟಿಫಿಕೇಟಿನ ಅರ್ಜಿಯೊಂದಿಗೆ ಗೋಡೆಯ ಪದರಗಳ ಲೆಕ್ಕವನ್ನೂ ಸಾಮಗ್ರಿಯ ಪರೀಕ್ಷಾ ವರದಿಯನ್ನೂ ಲಗತ್ತಿಸಿರತಕ್ಕದ್ದು." ಎಫ್‌ಎಸ್‌ಐ ವಿನಾಯಿತಿಗಳ ಪಟ್ಟಿ ಇರುವ ಕಲಮನ್ನು ಹುಡುಕಿ, ಅದರ ಕೊನೆಯಲ್ಲಿ ಹೊಸ ಉಪಕಲಮಾಗಿ ಇದನ್ನು ಸೇರಿಸಿ ಎಂದು ಬರೆಯಬೇಕು.

ಈ ವಾಕ್ಯದ ಒಂದೊಂದು ತುಂಡಿಗೂ ಕೆಲಸವಿದೆ. 100 ಮಿ.ಮೀ. ಎಂಬ ಮಿತಿ ಇಲ್ಲದಿದ್ದರೆ ಎರಡಡಿ ಅಗಲದ ಪೊಳ್ಳು "ಗೋಡೆ" ಕಟ್ಟಿ, ಆಮೇಲೆ ಕಪಾಟು ಮಾಡಿಕೊಳ್ಳುತ್ತಾರೆ. ಇದು ಊಹೆಯ ಮಾತಲ್ಲ. ಮುಂಬಯಿಯಲ್ಲಿ ಎಫ್‌ಎಸ್‌ಐಗೆ ಬಾರದ ಫ್ಲವರ್ ಬೆಡ್, ನಿಶ್, ಬಾಲ್ಕನಿಗಳು ಸದ್ದಿಲ್ಲದೆ ಕೋಣೆಯೊಳಗೆ ಸೇರುತ್ತಿದ್ದುದರಿಂದಲೇ 2012ರ ಜನವರಿಯಲ್ಲಿ ಅವನ್ನೆಲ್ಲ ಎಫ್‌ಎಸ್‌ಐ ಒಳಗೆ ತಂದು, ಬದಲಿಗೆ ವಸತಿ ಕಟ್ಟಡಗಳಿಗೆ ಶೇ. 35ರ ಫಂಜಿಬಲ್, ಅಂದರೆ ಬೇಕಾದಲ್ಲಿ ಬಳಸಿಕೊಳ್ಳಬಹುದಾದ ಹೆಚ್ಚುವರಿ, ಎಫ್‌ಎಸ್‌ಐ ಕೊಡಬೇಕಾಯಿತು. ವಿನಾಯಿತಿ ಕೇಳುವ ಪತ್ರ ನೋಡಿದೊಡನೆ ನಗರ ಯೋಜನೆಯ ಅಧಿಕಾರಿಗೆ ನೆನಪಾಗುವುದು ಅದೇ. ಯು-ಮೌಲ್ಯದ ಷರತ್ತಿಲ್ಲದಿದ್ದರೆ ದಪ್ಪ ಕಾಂಕ್ರೀಟಿಗೂ ವಿನಾಯಿತಿ ಸಿಕ್ಕಿಬಿಡುತ್ತದೆ. ದಾಖಲೆಯನ್ನು ಯಾವ ಹಂತದಲ್ಲಿ ಕೊಡಬೇಕೆಂದು ಹೇಳದಿದ್ದರೆ ನಕ್ಷೆಯಲ್ಲಿ ಒಂದು ಗೋಡೆ, ಸೈಟಿನಲ್ಲಿ ಇನ್ನೊಂದು.

ಎದುರುವಾದಕ್ಕೂ ಪತ್ರದಲ್ಲೇ ಉತ್ತರವಿರಲಿ. ಎಎಸಿ ಗೋಡೆ ಮಳೆಗಾಲದಲ್ಲಿ ಸೋರುತ್ತದೆ ಎನ್ನುತ್ತಾರೆ. ಸೋರುವುದು ಬ್ಲಾಕ್ ಅಲ್ಲ, ಬ್ಲಾಕೂ ಕಾಂಕ್ರೀಟೂ ಸೇರುವ ಜಾಗದಲ್ಲಿ ಬಿಡುವ ಬಿರುಕು. ನೆಂದ ಬ್ಲಾಕನ್ನು ಹಾಗೇ ಕಟ್ಟುವುದು, ಸಂದಿಗೆ ಜಾಳಿಗೆ ಹಾಕದೆ ಪ್ಲಾಸ್ಟರ್ ಮಾಡುವುದು ಇದಕ್ಕೆ ಕಾರಣ. ಸಂದಿಯ ಎರಡೂ ಬದಿಗೆ ಹರಡುವಂತೆ ಫೈಬರ್ ಅಥವಾ ಕೋಳಿ ಜಾಳಿಗೆ ಕಡ್ಡಾಯವೆಂದು ಟಿಪ್ಪಣಿ ಸೇರಿಸಿ. ಹೊರಮೈಯ ಶಾಖನಿರೋಧಕ ಪದರಕ್ಕೆ ಬೆಂಕಿ ಹತ್ತಬಹುದೆಂಬ ಅಗ್ನಿಶಾಮಕ ದಳದ ಆಕ್ಷೇಪಣೆ ಇನ್ನೂ ಗಂಭೀರ, ಅದಕ್ಕೆ ಪೂರ್ತಿ ಮರ್ಯಾದೆ ಕೊಡಬೇಕು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹೊರಮೈಯ ಹೊದಿಕೆಯ ಮೂಲಕವೇ ಬೆಂಕಿ ಹಬ್ಬಿ 72 ಜನ ಸತ್ತರು. ಆದ್ದರಿಂದ ಎತ್ತರದ ಕಟ್ಟಡಗಳ ಹೊರಮೈಗೆ ಉರಿಯದ ಸಾಮಗ್ರಿ ಮಾತ್ರ ಎಂಬ ಮಾತು ನಿಮ್ಮ ಪಠ್ಯದಲ್ಲೇ ಇರಲಿ, ಬೇರೆಯವರು ಸೇರಿಸಲಿ ಎಂದು ಕಾಯಬೇಡಿ.

ಮೇಲ್ಮಹಡಿಯವರ ಕಷ್ಟಕ್ಕೆ ಮದ್ದು ಇಷ್ಟು ಜಟಿಲವಲ್ಲ. ಸಂಹಿತೆ ಛಾವಣಿಗೆ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ. 150 ಮಿ.ಮೀ. ಸ್ಲ್ಯಾಬಿನ ಮೇಲೆ 100 ಮಿ.ಮೀ. ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರಿನ ಜಲನಿರೋಧಕ ಪದರ) ಹಾಕಿದರೆ ಸುಮಾರು 2.3, ಕೋಬಾದ ಕೆಳಗೆ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಹಲಗೆ ಸೇರಿಸಿದರೆ 0.8. ಕಿಟಕಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ನಮ್ಮ ಹವೆಗೆ ತೆರೆಯಬಲ್ಲ ಜಾಗ ನೆಲದ ವಿಸ್ತೀರ್ಣದ ಶೇ. 16.66 ಇರಬೇಕು. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಅರ್ಧವೇ ತೆರೆಯುತ್ತದೆ. ಹೀಗಾಗಿ 60 ಚದರ ಮೀಟರಿನ ಮನೆಗೆ 10 ಚದರ ಮೀಟರ್ ತೆರೆದ ಜಾಗ ಬೇಕೆಂದರೆ ಸ್ಲೈಡಿಂಗ್ ಆದಲ್ಲಿ 20 ಚದರ ಮೀಟರ್ ಕಿಟಕಿ ಬೇಕು. "ಕಿಟಕಿಯ ವಿಸ್ತೀರ್ಣ" ಎಂದು ಬರೆದರೆ ಸಾಲದು, "ತೆರೆಯಬಲ್ಲ ವಿಸ್ತೀರ್ಣ" ಎಂದೇ ಬರೆಯಬೇಕು.

ಸಣ್ಣ ಕಟ್ಟಡಗಳವರು ಕೇಳಬೇಕಾದದ್ದು ಬೇರೆ. ಶಕ್ತಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಿಂದ ವಸತಿ ಕಟ್ಟಡಗಳೂ ಶಕ್ತಿ ಸಂಹಿತೆಯ ವ್ಯಾಪ್ತಿಗೆ ಬಂದವು, ಆದರೆ 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ (ಜೋಡಿಸಿದ ಉಪಕರಣಗಳ ಒಟ್ಟು ಲೋಡ್) ಅಥವಾ 120 ಕೆವಿಎ ಕಾಂಟ್ರಾಕ್ಟ್ ಡಿಮಾಂಡ್ (ವಿದ್ಯುತ್ ಕಂಪನಿಯೊಡನೆ ಕರಾರಾದ ಗರಿಷ್ಠ ಬೇಡಿಕೆ) ಇದ್ದರೆ ಮಾತ್ರ. ತಲಾ 5 ಕಿಲೋವ್ಯಾಟಿನ 14 ಮನೆಗಳ ಕಟ್ಟಡಕ್ಕೆ 70 ಆಯಿತು, ಅದು ಹೊರಗುಳಿಯಿತು. ಈ ಮಿತಿಯನ್ನು ಇಳಿಸುವ ಅಧಿಕಾರ ರಾಜ್ಯಕ್ಕಿದೆ. ರೀಡೆವಲಪ್‌ಮೆಂಟಿಗೆ ಹೊರಟಿರುವ ಸಣ್ಣ ಸೊಸೈಟಿಗಳು ಇದನ್ನು ಈಗಲೇ ಕೇಳಬೇಕು, ಬಿಲ್ಡರನ ಕರಾರಿಗೆ ಸಹಿ ಬಿದ್ದ ಮೇಲೆ ಅಲ್ಲ.

ಪತ್ರ ಮರಾಠಿ ಅಥವಾ ಇಂಗ್ಲಿಷಿನಲ್ಲಿರಲಿ. ಸೊಸೈಟಿಯ ಹೆಸರಿನಲ್ಲಿ ಹೋಗುವುದಾದರೆ ಸಭೆಯ ಠರಾವಿನ ಪ್ರತಿ ಲಗತ್ತಿಸಿ. ಎರಡು ಪ್ರತಿ ಒಯ್ದು ನಿಮ್ಮದರ ಮೇಲೆ ಇನ್‌ವರ್ಡ್ ಠಸ್ಸೆ, ನಂಬರು, ತಾರೀಖು ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ಒಂದೇ ಪತ್ರವನ್ನು ಸಾವಿರ ಝೆರಾಕ್ಸ್ ಮಾಡಿ ಕಳಿಸುವುದರಿಂದ ಲಾಭ ಕಡಿಮೆ, ಅವು ಒಂದೇ ಸಲಹೆಯಾಗಿ ಗಂಟು ಸೇರುತ್ತವೆ. ಅದರ ಬದಲು ಹತ್ತು ಸೊಸೈಟಿಗಳು ತಮ್ಮ ತಮ್ಮ ಕಟ್ಟಡದ ಗೋಡೆ, ಕಿಟಕಿ, ಬಿಲ್ಲುಗಳ ಅಂಕಿ ಹಾಕಿ ಒಂದೇ ಪಠ್ಯ ಕೇಳಿದರೆ ಅದಕ್ಕೆ ತೂಕ. ಜನರ ಬರವಣಿಗೆಗೆ ಬೆಲೆಯಿಲ್ಲ ಎನ್ನುವವರು 2015 ನೆನಪಿಸಿಕೊಳ್ಳಲಿ: ಹಾಲಿ ಕಟ್ಟಡಗಳ ಮೇಲೆಯೇ ರಸ್ತೆ ಎಳೆದಿದ್ದ ಮುಂಬಯಿಯ ಕರಡು ಅಭಿವೃದ್ಧಿ ಯೋಜನೆಯನ್ನು, ಆಕ್ಷೇಪಣೆಗಳ ಒತ್ತಡದಿಂದಲೇ, ಏಪ್ರಿಲಿನಲ್ಲಿ ಸರಕಾರ ಹಿಂದಕ್ಕೆ ಕಳಿಸಿ ಹೊಸದಾಗಿ ಮಾಡಿಸಿತು.

ವಿಚಾರಣೆಗೆ ಕರೆದಾಗ ತಪ್ಪದೆ ಹೋಗಿ. ಸಿಗುವುದು ಕೆಲವೇ ನಿಮಿಷ. ಪಠ್ಯ ಮತ್ತು ಲೆಕ್ಕವಿರುವ ಒಂದೇ ಹಾಳೆ ಮುಂದಿಟ್ಟು ಅಷ್ಟನ್ನೇ ಮಾತನಾಡಿ. ಪಾರ್ಕಿಂಗು, ನೀರು, ಲಿಫ್ಟು ಆ ದಿನ ಬೇಡ. ಆಮೇಲೆ ಅಧಿಕಾರಿಯ ವರದಿ ಸರಕಾರಕ್ಕೆ ಹೋಗುತ್ತದೆ. ನಿಮ್ಮ ಇನ್‌ವರ್ಡ್ ನಂಬರು ಹಾಕಿ, ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಆ ವರದಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ನಿಮ್ಮ ಪಠ್ಯದ ಎದುರು ತಿರಸ್ಕಾರದ ಕಾರಣ ಏನೆಂದು ಬರೆದಿದ್ದಾರೋ, ಮುಂದಿನ ನಿವೇದನೆಯ ಸಮರ್ಥನೆ ಅಲ್ಲಿಂದ ಶುರುವಾಗಲಿ.

ಇಂತಿ,
ಕಟ್ಟಡ ಮತ್ತು ವಿದ್ಯುತ್ ಕ್ಷೇತ್ರದಲ್ಲಿರುವ ಕೆಲವು ಕನ್ನಡಿಗ ಎಂಜಿನಿಯರರು
ಡೊಂಬಿವಲಿ